ಬೆಕ್ಕಿನ ತುಟಿ ಊದಿದರೆ ಮೊದಲು ಉಸಿರು ನೋಡಿ

ಬೆಕ್ಕಿನ ತುಟಿ ಊದಿದ್ದು ಕಂಡ ಕೂಡಲೇ ಹೆಚ್ಚಿನವರು ಅದನ್ನು ಎತ್ತಿಕೊಂಡು, ಬಾಯಿ ಬಿಡಿಸಿ, ಒಳಗೇನಾಗಿದೆ ಎಂದು ನೋಡಲು ಹೊರಡುತ್ತಾರೆ. ಅದನ್ನು ಎರಡು ನಿಮಿಷ ತಡೆಯಿರಿ. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಉಸಿರಿಗೆ ಕಷ್ಟಪಡುತ್ತಿರುವ ಬೆಕ್ಕನ್ನು ಬಲವಂತವಾಗಿ ಹಿಡಿದರೆ ಅದರ ಸ್ಥಿತಿ ಕೈಯಲ್ಲೇ ಕೆಡಬಹುದು. ಮೊದಲು ದೂರದಿಂದ ಎದೆಯ ಏರಿಳಿತ ನೋಡಿ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಮಲಗಿದ ಆರೋಗ್ಯವಂತ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಕಡಿಮೆ ಬಾರಿ ಉಸಿರಾಡುತ್ತದೆ. ಓಡಾಟವಿಲ್ಲದೆ ಸುಮ್ಮನೆ ಕೂತಿರುವಾಗಲೂ 40 ದಾಟಿದ್ದರೆ, ಹೊಟ್ಟೆಯನ್ನು ಒಳಗೆಳೆದು ಉಸಿರಾಡುತ್ತಿದ್ದರೆ, ಕತ್ತು ಮುಂದೆ ಚಾಚಿ ಮೊಣಕೈಗಳನ್ನು ಪಕ್ಕಕ್ಕೆ ಅಗಲಿಸಿ ಕೂತಿದ್ದರೆ, ಗೊರಗೊರ ಸದ್ದು ಬರುತ್ತಿದ್ದರೆ ಕಾರಣ ಹುಡುಕುತ್ತ ಕೂರುವ ಹೊತ್ತು ಅದಲ್ಲ. ಬಾಯಿ ತೆರೆದು ಉಸಿರಾಡುವುದಂತೂ ಇನ್ನೂ ಕೆಟ್ಟ ಲಕ್ಷಣ. ನಾಯಿ ನಾಲಿಗೆ ಹೊರಹಾಕಿ ಏದುಸಿರು ಬಿಟ್ಟರೆ ಸೆಕೆ ಎನ್ನಬಹುದು. ಬೆಕ್ಕು ಹಾಗೆ ಮಾಡಿದರೆ ತುರ್ತುಸ್ಥಿತಿ ಎಂದೇ ತಿಳಿಯಬೇಕು.

ಉಸಿರು ಸರಿಯಿದೆ ಅನಿಸಿದ ಮೇಲೆ ವಸಡಿನ ಬಣ್ಣ ನೋಡಿ. ಪೂರ್ತಿ ಬಾಯಿ ಬಿಡಿಸುವುದು ಬೇಡ. ಊದಿಲ್ಲದ ಕಡೆಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಎತ್ತಿದರೆ ಸಾಕು. ತಿಳಿ ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿದ್ದರೆ ರಕ್ತದೊತ್ತಡ ಕುಸಿದಿರಬಹುದು, ನೀಲಿಯಾಗಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಚಾಕಲೇಟಿನಂತೆ ಕಂದು ತಿರುಗಿದ್ದರೆ ಯಾರಾದರೂ ಮನುಷ್ಯರ ಮಾತ್ರೆ ಕೊಟ್ಟರೇ ಎಂದು ಮನೆಯಲ್ಲಿ ವಿಚಾರಿಸಿ. ಆ ವಿಷಯ ಮುಂದೆ ಬರುತ್ತದೆ. ಕೆಲವು ಬೆಕ್ಕುಗಳ ವಸಡಿನಲ್ಲಿ ಹುಟ್ಟಾ ಕಪ್ಪು ಮಚ್ಚೆಗಳಿರುತ್ತವೆ, ಕಿತ್ತಳೆ ಬಣ್ಣದ ಬೆಕ್ಕುಗಳಲ್ಲಿ ವಯಸ್ಸಾದಂತೆ ತುಟಿಯ ಮೇಲೂ ಮೂಡುತ್ತವೆ. ಅದಕ್ಕೆ ಗಾಬರಿ ಬೇಡ.

ಈ ಎರಡು ಪರೀಕ್ಷೆ ಆದ ಮೇಲಷ್ಟೇ ತುಟಿಯ ವಿಚಾರ. ಇಲ್ಲಿ ಮೊದಲು ಬಗೆಹರಿಯಬೇಕಾದ ಪ್ರಶ್ನೆ ಒಂದಿದೆ: ತುಟಿ ಹಠಾತ್ತಾಗಿ ಊದಿತೋ, ಅಥವಾ ಊದಿದ್ದು ಹಠಾತ್ತಾಗಿ ಕಣ್ಣಿಗೆ ಬಿತ್ತೋ? ಬೆಳಿಗ್ಗೆ ಊಟ ಹಾಕುವಾಗ ಚೆನ್ನಾಗಿದ್ದ ಮುಖ ಹತ್ತು ಗಂಟೆಗೆ ಊದಿದ್ದರೆ ಕಾರಣಗಳ ಪಟ್ಟಿಯೇ ಬೇರೆ. ಎರಡು ವಾರದಿಂದ ನಿಧಾನವಾಗಿ ದಪ್ಪವಾಗುತ್ತಿದ್ದ ತುಟಿ ಇವತ್ತು ಬೆಳಕಿನಲ್ಲಿ ಕಂಡಿದ್ದರೆ ಇನ್ನೊಂದು ಪಟ್ಟಿ. ಮೊಬೈಲಿನಲ್ಲಿರುವ ಹಳೆಯ ಫೋಟೋಗಳನ್ನು ಹಿಂದಕ್ಕೆ ಸರಿಸಿ ನೋಡಿ. ಅನೇಕ ಸಲ ಉತ್ತರ ಅಲ್ಲೇ ಇರುತ್ತದೆ.

ನಿಮಿಷಗಳಲ್ಲಿ, ಗಂಟೆಗಳಲ್ಲಿ ಊದಿದ ತುಟಿ

ಆರೋಗ್ಯವಾಗಿದ್ದ ಬೆಕ್ಕಿನ ತುಟಿ ಒಮ್ಮೆಲೆ ಊದಿದರೆ ಮೊದಲ ಅನುಮಾನ ಹುಳುವಿನ ಮೇಲೆ. ಹಾರುವುದನ್ನು ಕಂಡರೆ ಬೆಕ್ಕು ಪಂಜದಿಂದ ಹೊಡೆಯುತ್ತದೆ, ಬಾಯಿ ಹಾಕುತ್ತದೆ. ಹಾಗಾಗಿ ಜೇನುಹುಳ, ಕಣಜ, ಕೆಂಪಿರುವೆ ಕಚ್ಚುವುದು ಹೆಚ್ಚಾಗಿ ತುಟಿ, ಮೂಗು, ಮುಂಗಾಲಿಗೆ. ಊತ ಒಂದೇ ಕಡೆ, ಮೆತ್ತಗೆ, ಬೆಚ್ಚಗೆ ಇರುತ್ತದೆ. ಬೆಕ್ಕು ಮುಖ ಉಜ್ಜುತ್ತದೆ, ಸ್ವಲ್ಪ ಜೊಲ್ಲು ಸುರಿಸುತ್ತದೆ. ಮೊದಲ ಕೆಲವು ಗಂಟೆ ಏರಿ, ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಬೆಕ್ಕು ಎಂದಿನಂತೆ ತಿಂದು ಮಲಗಿದರೆ ಮನೆಯಲ್ಲೇ ಕಣ್ಣಿಟ್ಟಿರಬಹುದು.

ಅಪಾಯ ಇರುವುದು ಅಲರ್ಜಿ ಇಡೀ ದೇಹಕ್ಕೆ ಹರಡಿದಾಗ. ಬೆಕ್ಕಿನಲ್ಲಿ ಈ ತೀವ್ರ ಅಲರ್ಜಿಯ ಮುಖ್ಯ ಏಟು ಶ್ವಾಸಕೋಶಕ್ಕೆ ಬೀಳುತ್ತದೆ, ಜೊತೆಗೆ ಹೊಟ್ಟೆಗೂ. ಮುಖವನ್ನು ಹುಚ್ಚುಹುಚ್ಚಾಗಿ ಕೆರೆದುಕೊಳ್ಳುವುದು, ಜೊಲ್ಲು, ವಾಂತಿ, ಭೇದಿ, ಆಮೇಲೆ ಉಸಿರಿನ ಕಷ್ಟ, ತೂರಾಡಿ ಬೀಳುವುದು: ಇವು ಕೆಲವೇ ನಿಮಿಷಗಳಲ್ಲಿ ಒಂದರ ಹಿಂದೆ ಒಂದು ಬರಬಹುದು. ತುಟಿ ಎಷ್ಟು ದಪ್ಪ ಊದಿದೆ ಎಂಬುದಕ್ಕೂ ಅಪಾಯ ಎಷ್ಟಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಮುಖ ಸೋರೆಕಾಯಿಯಂತೆ ಊದಿದ ಬೆಕ್ಕು ಸಂಜೆಗೆ ಸರಿಹೋಗುವುದುಂಟು, ತುಟಿಯಂಚು ಮಾತ್ರ ಊದಿದ ಬೆಕ್ಕು ಅರ್ಧ ಗಂಟೆಯಲ್ಲಿ ಕುಸಿಯುವುದೂ ಉಂಟು. ಲಸಿಕೆ ಅಥವಾ ಯಾವುದಾದರೂ ಇಂಜೆಕ್ಷನ್ ಆದ ಕೆಲವು ಗಂಟೆಗಳಲ್ಲಿ ಮುಖ ಊದಿದರೂ ಇದೇ ಲೆಕ್ಕ. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯ ಬಳಿಯೇ ಇರುವುದು ಒಳ್ಳೆಯದು. ಒಮ್ಮೆ ಹಾಗಾಗಿದ್ದರೆ ಮುಂದಿನ ಸಲ ಲಸಿಕೆಗೆ ಮೊದಲೇ ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡನೆಯ ಅನುಮಾನ ಗಿಡಗಳ ಮೇಲೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದು ಮಲೆನಾಡು, ಕರಾವಳಿಯವರಿಗೆಲ್ಲ ಗೊತ್ತು. ಎಲೆಯೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಅದಕ್ಕೆ ಕಾರಣ. ಅದೇ ಕುಟುಂಬದ ಮನಿ ಪ್ಲಾಂಟ್, ಡಂಬ್ ಕೇನ್, ಕ್ಯಾಲಾಡಿಯಂ ಈಗ ಎಲ್ಲ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ಇವೆ. ಬೆಕ್ಕು ಎಲೆ ಕಚ್ಚಿದ ತಕ್ಷಣ ಹರಳುಗಳು ತುಟಿ, ನಾಲಿಗೆಗೆ ಚುಚ್ಚಿಕೊಂಡು ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಬೆಕ್ಕು ಪಂಜದಿಂದ ಬಾಯಿ ಕೆದಕುತ್ತದೆ. ಒದ್ದೆ ಬಟ್ಟೆಯಿಂದ ಬಾಯಿಯಂಚು ಮತ್ತು ತುಟಿಯನ್ನು ಹಲವು ಸಲ ಒರೆಸಿ. ಒಂದೆರಡು ಚಮಚ ಹಾಲನ್ನೋ ಮೊಸರನ್ನೋ ಮುಂದಿಡಿ; ತಾನಾಗಿ ನೆಕ್ಕಿದರೆ ಅದರ ಕ್ಯಾಲ್ಸಿಯಂ ಉರಿಯನ್ನು ಒಂದಿಷ್ಟು ತಗ್ಗಿಸುತ್ತದೆ. ಬಲವಂತವಾಗಿ ಸುರಿಯಬೇಡಿ. ಹೆಚ್ಚಿನವು ಕೆಲವು ಗಂಟೆಗಳಲ್ಲಿ ಸುಧಾರಿಸುತ್ತವೆ. ನಾಲಿಗೆ ಊದಿ ಹೊರಗೆ ಚಾಚಿಕೊಂಡರೆ, ನುಂಗಲು ಆಗದಿದ್ದರೆ ಮಾತ್ರ ಕಾಯಬೇಡಿ.

ನೆಲ ಒರೆಸುವ ದ್ರಾವಣ ಮೋಸ ಮಾಡುವುದು ತಡವಾಗಿ ಕಾಣಿಸಿಕೊಳ್ಳುವುದರಿಂದ. ಅನೇಕ ಸೋಂಕುನಾಶಕಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕೂತು ಪಂಜ ನೆಕ್ಕುತ್ತದೆ. ಆಗ ಏನೂ ಆಗುವುದಿಲ್ಲ. ಹಲವು ಗಂಟೆ ಕಳೆದ ಮೇಲೆ ನಾಲಿಗೆಯ ತುದಿ, ತುಟಿ ಕೆಂಪಾಗಿ ಹುಣ್ಣಾಗುತ್ತವೆ, ಬೆಕ್ಕು ಊಟ ಬಿಡುತ್ತದೆ. ಅಷ್ಟು ಹೊತ್ತಿಗೆ ಬೆಳಿಗ್ಗೆ ನೆಲ ಒರೆಸಿದ್ದು ಯಾರಿಗೂ ನೆನಪಿರುವುದಿಲ್ಲ. ಪಂಜಕ್ಕೆ ದ್ರಾವಣ ತಾಗಿದೆ ಎಂದು ಗೊತ್ತಾದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ನೀರು ಹಾಕಿದರೆ ಬೆಳ್ಳಗಾಗುವ ಫಿನಾಯಿಲ್ ಮತ್ತು ಡೆಟಾಲ್‌ನಂಥ ದ್ರವಗಳಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ವಿಲೇವಾರಿ ಮಾಡಲಾರದು. ಬೆಕ್ಕಿರುವ ಮನೆಯಲ್ಲಿ ಅವನ್ನು ಬಳಸದಿರುವುದೇ ಮೇಲು.

ಮರಿಬೆಕ್ಕಾಗಿದ್ದರೆ ಚಾರ್ಜರ್ ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಕರೆಂಟಿನ ವೈರ್ ಕಚ್ಚಿದರೆ ತುಟಿಯ ಮೂಲೆಯಲ್ಲಿ, ನಾಲಿಗೆಯ ಮೇಲೆ ಬೂದು-ಬಿಳಿ ಅಥವಾ ಹಳದಿ ಸುಟ್ಟಗಾಯ ಇರುತ್ತದೆ, ಸುತ್ತ ಊದಿರುತ್ತದೆ. ಗಾಯ ಚಿಕ್ಕದು ಎಂದು ಬಿಡುವಂತಿಲ್ಲ. ವಿದ್ಯುತ್ ಆಘಾತದ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದು ಕೂಡಲೇ ಆಗಬಹುದು, ಒಂದು ದಿನ ಕಳೆದ ಮೇಲೂ ಆಗಬಹುದು. ಬೆಕ್ಕು ಇನ್ನೂ ವೈರ್ ಕಚ್ಚಿಕೊಂಡೇ ಇದ್ದರೆ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ. ಆಮೇಲೆ ಚೆನ್ನಾಗಿ ಕಂಡರೂ ಕೂಡಲೇ ಹೊರಡಿ, ವೈದ್ಯರು ಎದೆ ಪರೀಕ್ಷಿಸಲಿ.

ಹೊರಗೆ ತಿರುಗುವ ಬೆಕ್ಕಾಗಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಹಾವನ್ನು ಮರೆಯುವಂತಿಲ್ಲ. ಕೊಳಕುಮಂಡಲ ಕಚ್ಚಿದರೆ ಊತ ವೇಗವಾಗಿ ಕೆನ್ನೆಗೆ, ಕತ್ತಿಗೆ ಹರಡುತ್ತದೆ. ಮುಟ್ಟಿದರೆ ತೀರಾ ನೋವು, ಚರ್ಮ ಕೆಂಪು-ನೇರಳೆಗೆ ತಿರುಗುತ್ತದೆ, ಹಲ್ಲಿನ ಗುರುತಿನಿಂದ ರಕ್ತ ಜಿನುಗುತ್ತಲೇ ಇರುತ್ತದೆ. ನಾಗರಹಾವಿನ ವಿಷದಿಂದ ಊತದ ಜೊತೆಗೆ ರೆಪ್ಪೆ ಜೋತು, ಕಾಲು ಸೋಲುತ್ತದೆ. ಕಟ್ಟುಹಾವು ಕಚ್ಚಿದಲ್ಲಿ ಊತವೇ ಇರದಿರಬಹುದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಟ್ಟಿಗೆ ಮಾಡಿದ್ದು. ಪಶುವೈದ್ಯರೂ ಅದನ್ನೇ ಕೊಡುತ್ತಾರೆ. ಎಲ್ಲ ಆಸ್ಪತ್ರೆಯಲ್ಲೂ ದಾಸ್ತಾನು ಇರುವುದಿಲ್ಲ. ಹೊರಡುವಾಗಲೇ ಫೋನ್ ಮಾಡಿ ಕೇಳಿಕೊಂಡರೆ ಒಂದು ಸುತ್ತು ಉಳಿಯುತ್ತದೆ. ಹಾವು ಯಾವುದೆಂದು ಗೊತ್ತಿಲ್ಲದಿದ್ದರೂ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟುತ್ತದೆಯೇ ಎಂದು ನೋಡಿ ಮಂಡಲದ ವಿಷವನ್ನು ಅಂದಾಜು ಮಾಡುತ್ತಾರೆ. ಆದ್ದರಿಂದ ಹಾವನ್ನು ಹುಡುಕಿ, ಹೊಡೆದು ತರಲು ಹೊತ್ತು ಕಳೆಯಬೇಡಿ.

ಮನೆಮದ್ದಿನ ಡಬ್ಬಿ ಮುಚ್ಚಿಡಿ

ಮನೆಯಲ್ಲಿ ಮಾಡಬಹುದಾದದ್ದು ನಿಜಕ್ಕೂ ಕಡಿಮೆ. ಜೇನುಹುಳದ ಮುಳ್ಳು ಕಂಡರೆ ಉಗುರಿನಿಂದಲೋ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದಲೋ ಕೆರೆದು ತೆಗೆಯಿರಿ. ಕಣಜ ಮುಳ್ಳು ಬಿಡುವುದಿಲ್ಲ. ಮುಳ್ಳಿನ ಚೀಲದ ವಿಷ ಒಂದೆರಡು ನಿಮಿಷದಲ್ಲೇ ಒಳಗೆ ಹೋಗಿಬಿಟ್ಟಿರುತ್ತದೆ. ಆಮೇಲೆ ಅದಕ್ಕಾಗಿ ಬೆಕ್ಕನ್ನು ಅರ್ಧ ಗಂಟೆ ಗೋಳು ಹೊಯ್ದುಕೊಳ್ಳುವುದರಲ್ಲಿ ಲಾಭವಿಲ್ಲ. ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಬೆಕ್ಕು ಬಿಟ್ಟುಕೊಟ್ಟರೆ ನಾಲ್ಕೈದು ನಿಮಿಷ ಒತ್ತಿ ಹಿಡಿಯಿರಿ, ಅಷ್ಟೇ ಹೊತ್ತು ಬಿಡುವು ಕೊಟ್ಟು ಮತ್ತೆ ಹಿಡಿಯಿರಿ. ಅರ್ಧ ಗಂಟೆಗೊಮ್ಮೆ ಒಂದೇ ಕೋನದಿಂದ ಫೋಟೋ ತೆಗೆಯಿರಿ. ಊತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕಣ್ಣು ಸರಿಯಾಗಿ ನೆನಪಿಡುವುದಿಲ್ಲ. ಮುಂದಿನ 24 ಗಂಟೆ ಬೆಕ್ಕನ್ನು ಹೊರಗೆ ಬಿಡಬೇಡಿ.

ಮಾಡಬಾರದ್ದರ ಪಟ್ಟಿ ಇದಕ್ಕಿಂತ ಉದ್ದ. ಜೇನು ಕಚ್ಚಿದ ಕಡೆ ಸುಣ್ಣ ಹಚ್ಚುವುದು ನಮ್ಮಲ್ಲಿ ರೂಢಿ. ಬೆಕ್ಕಿನ ತುಟಿಗೆ ಹಚ್ಚಿದ್ದೆಲ್ಲ ಅರ್ಧ ನಿಮಿಷದಲ್ಲಿ ನಾಲಿಗೆಗೆ ಹೋಗುತ್ತದೆ, ಸುಣ್ಣ ನಾಲಿಗೆಯನ್ನು ಸುಡುತ್ತದೆ. ನೋವಿನ ಬಾಮುಗಳಲ್ಲಿ ಕರ್ಪೂರ, ನೀಲಗಿರಿ ಎಣ್ಣೆ ಇರುತ್ತವೆ. ಇವೂ, ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷ. ಅರಿಶಿನ ಹಚ್ಚಿದರೆ ದೊಡ್ಡ ಹಾನಿಯಿಲ್ಲ. ಆದರೆ ಹಳದಿ ಬಳಿದ ತುಟಿಯಲ್ಲಿ ಗಾಯದ ಬಣ್ಣ, ಅಂಚು ಯಾವುದೂ ವೈದ್ಯರಿಗೆ ಕಾಣುವುದಿಲ್ಲ.

ಎಲ್ಲಕ್ಕಿಂತ ಮಾರಕವಾದದ್ದು ಪ್ಯಾರಾಸಿಟಮಾಲ್. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಹೆಸರು ಯಾವುದಾದರೂ ಒಳಗಿರುವುದು ಅದೇ. ಮನುಷ್ಯನ ಯಕೃತ್ತು ಈ ಔಷಧವನ್ನು ಗ್ಲುಕುರಾನಿಕ್ ಆಮ್ಲಕ್ಕೆ ಜೋಡಿಸಿ ಹೊರಹಾಕುತ್ತದೆ. ಆ ಜೋಡಣೆ ಮಾಡುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹೊರಹೋಗಲಾಗದ ಔಷಧ ವಿಷಕಾರಿ ಪದಾರ್ಥಗಳಾಗಿ ಒಡೆದು ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ, ರಕ್ತ ಆಮ್ಲಜನಕ ಹೊರಲಾರದೆ ಕಂದಾಗುತ್ತದೆ. ದೇಹದ ತೂಕದ ಕಿಲೋಗೆ 10 ಮಿಲಿಗ್ರಾಂನಷ್ಟರಿಂದಲೇ ವಿಷಲಕ್ಷಣ ಕಂಡದ್ದಿದೆ. 4 ಕಿಲೋದ ಬೆಕ್ಕಿಗೆ 500 ಮಿಲಿಗ್ರಾಂ ಮಾತ್ರೆ ಎಂದರೆ ಕಿಲೋಗೆ 125. ಈ ವಿಷದ ಲಕ್ಷಣಗಳಲ್ಲಿ ಮುಖ ಮತ್ತು ಪಂಜದ ಊತವೂ ಒಂದು. ಅಂದರೆ ಸಣ್ಣ ಊತಕ್ಕೆಂದು ಕೊಟ್ಟ ಮಾತ್ರೆಯೇ ಮುಖವನ್ನು ಇನ್ನಷ್ಟು ಊದಿಸುತ್ತದೆ, ಮನೆಯವರು ಜೇನಿನ ವಿಷ ಏರಿತು ಎಂದುಕೊಳ್ಳುತ್ತಾರೆ. ಯಾರಾದರೂ ಕೊಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಬೇಗ ಸಿಕ್ಕಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೂಡ ಮನೆಯಲ್ಲಿ ಕೊಡುವ ಔಷಧಗಳಲ್ಲ.

ಅಲರ್ಜಿ ಮಾತ್ರೆ ಕೊಡಬಹುದೇ ಎಂದು ಹಲವರು ಕೇಳುತ್ತಾರೆ. ಸೆಟಿರಿಜಿನ್, ಕ್ಲೋರ್ಫೆನಿರಮೈನ್‌ಗಳನ್ನು ಪಶುವೈದ್ಯರು ಬೆಕ್ಕಿಗೆ ಬರೆಯುವುದು ನಿಜ. ಆದರೆ ಮೆಡಿಕಲ್ ಶಾಪಿನಲ್ಲಿ ನೆಗಡಿ ಮಾತ್ರೆ ಎಂದು ಸಿಗುವುದರಲ್ಲಿ ಕ್ಲೋರ್ಫೆನಿರಮೈನ್ ಜೊತೆಗೆ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಸೇರಿರುವುದೇ ಹೆಚ್ಚು. ಪ್ರಮಾಣವನ್ನು ವೈದ್ಯರಿಂದ ಫೋನಿನಲ್ಲಾದರೂ ಕೇಳಿ, ಸ್ಟ್ರಿಪ್ಪಿನ ಹಿಂಬದಿ ಓದಿ, ಒಂದೇ ಔಷಧ ಇರುವುದನ್ನು ಖಚಿತಪಡಿಸಿಕೊಂಡು ಕೊಡಿ. ತೀವ್ರ ಅಲರ್ಜಿ ಶುರುವಾಗಿದ್ದರೆ ಈ ಮಾತ್ರೆಯಿಂದ ಏನೂ ಆಗದು. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್.

ಎರಡು ಮೂರು ದಿನದಲ್ಲಿ ಬೆಳೆದದ್ದು

ರಾತ್ರಿ ಗಂಡುಬೆಕ್ಕುಗಳ ಜಗಳ ಕೇಳಿಸಿ ಮೂರು ದಿನಕ್ಕೆ ಕೆನ್ನೆಯೋ ತುಟಿಯೋ ಊದಿದರೆ ಅದು ಬಹುತೇಕ ಕೀವಿನ ಬಾವು. ಬೆಕ್ಕಿನ ಕೋರೆಹಲ್ಲು ತೆಳ್ಳಗೆ, ಉದ್ದ. ಅದು ಬಾಯಿಯ ಬ್ಯಾಕ್ಟೀರಿಯಾವನ್ನು ಚರ್ಮದಡಿ ಆಳಕ್ಕೆ ತಳ್ಳುತ್ತದೆ, ಮೇಲಿನ ತೂತು ಮಾತ್ರ ಒಂದು ದಿನದಲ್ಲೇ ಮುಚ್ಚಿಕೊಳ್ಳುತ್ತದೆ. ಒಳಗೆ ಕೀವು ತುಂಬುತ್ತದೆ. ಎದುರು ನಿಂತು ಕಾದಾಡಿದ ಬೆಕ್ಕಿಗೆ ಗಾಯ ಮುಖಕ್ಕೆ ಆಗುತ್ತದೆ. ಓಡಿದ್ದರೆ ಬಾಲದ ಬುಡಕ್ಕೆ. ಬಾವು ಬಿಸಿಯಾಗಿರುತ್ತದೆ, ಬೆಕ್ಕು ಮಂಕಾಗಿ ಊಟ ಬಿಡುತ್ತದೆ, ಜ್ವರವಿರುತ್ತದೆ. ಬೆಕ್ಕಿನ ಸಹಜ ತಾಪಮಾನ ಸುಮಾರು 38.1ರಿಂದ 39.2 ಡಿಗ್ರಿ ಸೆಲ್ಸಿಯಸ್. ಕೈ ಇಟ್ಟು ಬಿಸಿ ಎನ್ನುವುದು ಲೆಕ್ಕಕ್ಕೆ ಬಾರದು, ಅದರ ಮೈ ನಮ್ಮದಕ್ಕಿಂತ ಯಾವಾಗಲೂ ಬೆಚ್ಚಗೇ ಇರುತ್ತದೆ. ಬಾವನ್ನು ಮನೆಯಲ್ಲಿ ಹಿಂಡಬೇಡಿ. ಹಿಂಡಿದರೆ ಕೀವು ಪಕ್ಕದ ಮೆತ್ತನೆಯ ಪದರಗಳಿಗೂ ನುಗ್ಗುತ್ತದೆ. ವೈದ್ಯರು ಕೂದಲು ಬೋಳಿಸಿ, ತಗ್ಗಿನ ಕಡೆ ಕೊಯ್ದು, ತೊಳೆದು, ಆಂಟಿಬಯಾಟಿಕ್ ಕೊಡುತ್ತಾರೆ. ಮೂರನೇ ದಿನ ಮುಖ ಚೆನ್ನಾಯಿತೆಂದು ಮಾತ್ರೆ ನಿಲ್ಲಿಸಿದರೆ ಬಾವು ಅದೇ ಜಾಗದಲ್ಲಿ ಮರಳುವುದು ಸಾಮಾನ್ಯ. ಕಚ್ಚಾಟದಿಂದ ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ವೈರಸ್ ಹರಡುತ್ತದೆ. ಅದರ ರಕ್ತಪರೀಕ್ಷೆಯನ್ನು ಕಚ್ಚಿಸಿಕೊಂಡು ಸುಮಾರು 60 ದಿನ ಕಳೆದ ಮೇಲೆ ಮಾಡಿಸಿದರೆ ಫಲಿತಾಂಶ ನಂಬಬಹುದು.

ಜಗಳವಿಲ್ಲದೆ ಬಾವು ಬಂದರೆ ಹಲ್ಲು ನೋಡಬೇಕು. ಮೇಲಿನ ಕೋರೆಹಲ್ಲಿನ ಬೇರು ಕೀವಾದರೆ ಮೂಗಿನ ಪಕ್ಕ, ಮೇಲ್ದುಟಿ ಉಬ್ಬುತ್ತದೆ. ಮೇಲಿನ ದೊಡ್ಡ ದವಡೆಹಲ್ಲಾದರೆ ಕಣ್ಣಿನ ಕೆಳಗೆ, ಕೆಳಗಿನ ಕೋರೆಹಲ್ಲಾದರೆ ಗದ್ದದ ಕಡೆ. ಬೆಕ್ಕು ಒಂದೇ ಬದಿಯಲ್ಲಿ ಅಗಿಯುತ್ತದೆ, ಕಾಳು ಬಾಯಿಂದ ಬೀಳುತ್ತದೆ, ಬಾಯಿ ನಾರುತ್ತದೆ. ಇಲ್ಲಿ ಆಂಟಿಬಯಾಟಿಕ್ ಒಂದರಿಂದಲೇ ಗುಣವಾಯಿತು ಎಂದುಕೊಳ್ಳುವುದು ತಾತ್ಕಾಲಿಕ ಸಮಾಧಾನ. ಕೆಟ್ಟ ಹಲ್ಲು ಇರುವವರೆಗೆ ಕೀವು ಮತ್ತೆ ಬರುತ್ತದೆ. ಎಕ್ಸ್‌ರೇ ತೆಗೆದು ಹಲ್ಲು ಕೀಳಬೇಕಾಗುತ್ತದೆ. ಮೇಲಿನ ಕೋರೆಹಲ್ಲು ಬಿದ್ದ ಅಥವಾ ಕಿತ್ತ ಬೆಕ್ಕಿನಲ್ಲಿ ಕೆಳಗಿನ ಕೋರೆಹಲ್ಲು ಮೇಲ್ದುಟಿಗೆ ಚುಚ್ಚಿ ಗಾಯವಾಗುವುದೂ ಉಂಟು. ಬಾಯಿ ಮುಚ್ಚಿದಾಗ ಹಲ್ಲಿನ ತುದಿ ಎಲ್ಲಿ ತಾಗುತ್ತದೆ ಎಂದು ನೋಡಿದರೆ ತಿಳಿಯುತ್ತದೆ.

ಮೀನಿನ ಮುಳ್ಳು, ಹುಲ್ಲಿನ ಮುಳ್ಳುತೆನೆ, ಗಾಳ ಸಿಕ್ಕಿಕೊಂಡಿರಬಹುದು. ದಾರ ಕಂಡರೆ ಎಳೆಯಬೇಡಿ. ನಾಲಿಗೆಯ ಬುಡಕ್ಕೆ ಸುತ್ತಿಕೊಂಡ ದಾರದ ಇನ್ನೊಂದು ತುದಿ, ಕೆಲವೊಮ್ಮೆ ಸೂಜಿಯ ಸಮೇತ, ಕರುಳಿನಲ್ಲಿರುತ್ತದೆ; ಎಳೆದರೆ ಕರುಳು ಮಡಿಕೆಯಾಗಿ ಕೊಯ್ದುಹೋಗುತ್ತದೆ. ಗಾಳವನ್ನೂ ಹಿಂದಕ್ಕೆ ಎಳೆಯಬಾರದು.

ತುಟಿ, ನಾಲಿಗೆಯಲ್ಲಿ ಹುಣ್ಣು, ಸೀನು, ಜ್ವರ ಒಟ್ಟಿಗೆ ಬಂದರೆ ಬೆಕ್ಕಿನಿಂದ ಬೆಕ್ಕಿಗೆ ಹರಡುವ ಕ್ಯಾಲಿಸಿವೈರಸ್ ಇರಬಹುದು. ಅಪರೂಪಕ್ಕೆ ಇದರ ಉಗ್ರ ರೂಪದಲ್ಲಿ ಮುಖ, ಪಂಜ ಊದುತ್ತವೆ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ತಟ್ಟೆ, ಮಲಗುವ ಜಾಗ ಎಲ್ಲ ಬೇರೆ ಮಾಡಿ.

ವಾರಗಳಿಂದ ಇದ್ದು ಇವತ್ತು ಕಂಡದ್ದು

ಮೇಲ್ದುಟಿಯ ನಡುವಿಗೆ ಹತ್ತಿರ, ಕೆಳಗಿನ ಕೋರೆಹಲ್ಲು ತಾಗುವ ಆಸುಪಾಸಿನಲ್ಲಿ, ಅಂಚು ಎದ್ದು ನಡು ತಗ್ಗಾದ ಕೆಂಪು-ಕಂದು ಹುಣ್ಣು. ನೋಡಲು ಭಯಂಕರ, ತುಟಿಯ ಒಂದು ತುಂಡನ್ನೇ ಯಾರೋ ತಿಂದಂತೆ. ಆದರೆ ಬೆಕ್ಕಿಗೆ ಅದರ ಪರಿವೆಯೇ ಇಲ್ಲ. ನೋವಿಲ್ಲ, ತುರಿಕೆಯಿಲ್ಲ, ಊಟ ಎಂದಿನಂತೆ. ಇದು ಇಯೊಸಿನೋಫಿಲ್ ಎಂಬ ಬಿಳಿರಕ್ತಕಣಗಳು ಅತಿಯಾಗಿ ಸೇರಿ ಆಗುವ ತೊಂದರೆ. ಇದೇ ಗುಂಪಿನ ಇನ್ನೊಂದು ರೂಪದಲ್ಲಿ ಕೆಳದುಟಿ ಅಥವಾ ಗದ್ದ ಗಟ್ಟಿಯಾಗಿ ಉಬ್ಬಿ, ಬೆಕ್ಕು ಮುನಿಸಿಕೊಂಡು ತುಟಿ ಮುಂದೆ ಮಾಡಿದ ಹಾಗೆ ಕಾಣುತ್ತದೆ. ಎಳೆಯ ಬೆಕ್ಕುಗಳಲ್ಲಿ ಕೆಲವೊಮ್ಮೆ ತಾನಾಗಿ ಹೋಗುವುದೂ ಉಂಟು.

ಹುಣ್ಣು ತುಟಿಯಲ್ಲಿದ್ದರೂ ಮೂಲ ಬೇರೆಡೆ ಇರುತ್ತದೆ, ಮತ್ತು ಚಿಕಿತ್ಸೆ ಎಡವುವುದು ಇಲ್ಲಿಯೇ. ಹೆಚ್ಚಿನ ಬಾರಿ ಹಿಂದಿರುವುದು ಚಿಗಟದ ಅಲರ್ಜಿ, ಆಹಾರದ ಅಲರ್ಜಿ, ಇಲ್ಲವೇ ಧೂಳು-ಪರಾಗದಂಥ ಪರಿಸರದ ಅಲರ್ಜಿ. ಸ್ಟೆರಾಯ್ಡ್ ಕೊಟ್ಟರೆ ಹುಣ್ಣು ಕಣ್ಣೆದುರೇ ಮಾಯುತ್ತದೆ, ಕಾರಣ ಹಾಗೇ ಉಳಿದಿದ್ದರಿಂದ ಕೆಲವು ವಾರದಲ್ಲಿ ಮತ್ತೆ ಬರುತ್ತದೆ. ಆಗ ಇನ್ನೊಂದು ಇಂಜೆಕ್ಷನ್. ತಿಂಗಳುಗಟ್ಟಲೆ ಕೆಲಸ ಮಾಡುವ ಡಿಪೋ ಸ್ಟೆರಾಯ್ಡ್ ಇಂಜೆಕ್ಷನ್‌ಗಳನ್ನು ಪದೇ ಪದೇ ಹಾಕಿಸಿದ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಅಪಾಯವಿದೆ. 'ಒಂದು ಸೂಜಿ ಹಾಕಿ ಕಳಿಸಿ ಡಾಕ್ಟ್ರೇ' ಎನ್ನುವ ನಮ್ಮ ಅಭ್ಯಾಸಕ್ಕೂ ಇದರಲ್ಲಿ ಪಾಲಿದೆ. ಪ್ರತಿದಿನ ಮಾತ್ರೆ ನುಂಗಿಸುವುದು ಕಷ್ಟ, ನಿಜ. ಆದರೆ ಮಾತ್ರೆಯ ಪ್ರಮಾಣ ಇಳಿಸಬಹುದು, ನಿಲ್ಲಿಸಬಹುದು. ಒಳಹೋದ ಡಿಪೋ ಔಷಧವನ್ನು ಹೊರತೆಗೆಯಲಾಗದು. ಮಾತ್ರೆಯಾದರೆ ಪ್ರೆಡ್ನಿಸೊಲೋನ್ ಎಂದೇ ಬರೆಯುತ್ತಾರೆ, ಪ್ರೆಡ್ನಿಸೋನ್ ಕೆಲಸ ಮಾಡಲು ದೇಹದಲ್ಲಿ ಪ್ರೆಡ್ನಿಸೊಲೋನ್ ಆಗಬೇಕು, ಬೆಕ್ಕಿನಲ್ಲಿ ಅದು ಸರಿಯಾಗಿ ಆಗುವುದಿಲ್ಲ.

ಚಿಗಟ ಕಾಣಲಿಲ್ಲ ಎಂದರೆ ಇಲ್ಲವೆಂದಲ್ಲ, ಬೆಕ್ಕು ನೆಕ್ಕಿ ನುಂಗಿಬಿಡುತ್ತದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ. ಕೆಂಪು-ಕಂದು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅದರೊಳಗಿನ ರಕ್ತ ಕರಗುತ್ತಿದೆ. ಬೆಕ್ಕಿಗೆಂದೇ ಮಾಡಿದ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿಯನ್ನು ತೂಕಕ್ಕೆ ತಕ್ಕಂತೆ ಕತ್ತಿನ ಹಿಂದೆ, ನಾಲಿಗೆ ಎಟುಕದ ಕಡೆ, ಕೂದಲು ಬಿಡಿಸಿ ಚರ್ಮಕ್ಕೆ ತಾಗುವಂತೆ ಹಾಕಿ. ಮನೆಯ ಎಲ್ಲ ಬೆಕ್ಕು-ನಾಯಿಗೂ ಅದೇ ದಿನ ಅವುಗಳದ್ದನ್ನು ಹಾಕಿ. ನಾಯಿಗೆ ತಂದ ಹನಿ ಉಳಿದಿದೆ ಎಂದು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ನಡುಗಿ, ಅಪಸ್ಮಾರ ಬಂದು ಸಾಯಬಹುದು. ನಾಯಿಗಳ ಉಣ್ಣೆಗೆ ಬಳಸುವ ಅಮಿಟ್ರಾಜ್ ದ್ರಾವಣವೂ ಬೆಕ್ಕಿಗಲ್ಲ.

ಆಹಾರದ ಅಲರ್ಜಿಯನ್ನು ಪತ್ತೆ ಮಾಡಲು ಹಿಂದೆಂದೂ ತಿನ್ನದ ಒಂದು ಪ್ರೋಟೀನನ್ನು ಮಾತ್ರ ಕನಿಷ್ಠ 8 ವಾರ ಕೊಡಬೇಕು. ಕಾಗದದಲ್ಲಿ ಸುಲಭ. ನಮ್ಮ ಬೀದಿಗಳಲ್ಲಿ ಪಕ್ಕದ ಮನೆಯ ಅಜ್ಜಿ ಸಂಜೆ ಹಾಲು ಇಡುತ್ತಾರೆ, ಹಿಂದಿನ ಮನೆಯಲ್ಲಿ ಮೀನು ಹೆಚ್ಚುವಾಗ ತಲೆ ಸಿಗುತ್ತದೆ. ಎಂಟು ವಾರದ ಪಥ್ಯ ಒಂದು ಮೀನಿನ ತಲೆಯಿಂದ ಕೆಡುತ್ತದೆ. ಶುರು ಮಾಡುವ ಮೊದಲು ಅಕ್ಕಪಕ್ಕದವರಿಗೆ ಹೇಳಿ, ಬೆಕ್ಕನ್ನು ಒಳಗೇ ಇಡಲು ಆಗುವುದಿಲ್ಲ ಎಂದಾದರೆ ವೈದ್ಯರಿಗೆ ಅದನ್ನೂ ಹೇಳಿ.

ಗದ್ದದಲ್ಲಿ ಕಪ್ಪು ಚುಕ್ಕೆಗಳು, ಮಣ್ಣು ಮೆತ್ತಿದಂತೆ ಕಂಡು, ಅದರೊಳಗಿಂದ ಗುಳ್ಳೆ ಎದ್ದು ಕೆಳದುಟಿ ಊದಿದ್ದರೆ ಅದು ಗದ್ದದ ಮೊಡವೆ. ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲಿನದ್ದೋ ಪಿಂಗಾಣಿಯದ್ದೋ ಇಡಿ, ದಿನವೂ ತೊಳೆಯಿರಿ. ಬೆಚ್ಚನೆ ನೀರಿನ ಬಟ್ಟೆ ಒತ್ತಿದರೆ ಸಾಕು, ಗುಳ್ಳೆ ಹಿಂಡಬೇಡಿ. ಮೂಗಿನ ಮೇಲ್ಭಾಗ, ಕಿವಿ, ಪಂಜದ ಮೆತ್ತೆಗಳಲ್ಲಿ ಒಟ್ಟಿಗೆ ಗಾಯ ಬಂದರೆ ಸೊಳ್ಳೆ ಕಡಿತದ ಅಲರ್ಜಿ ಎಂದು ವೈದ್ಯರಿಗೆ ನೆನಪಿಸಬಹುದು. ಸಂಜೆ ಒಳಗಿಟ್ಟರೆ ಒಂದೆರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಹತ್ತು ವರ್ಷ ದಾಟಿದ ಬೆಕ್ಕಿನ ತುಟಿಯಲ್ಲಿ ಅಥವಾ ವಸಡಿನಲ್ಲಿ ಗಟ್ಟಿ ಗಂಟು, ಮಾಯದ ಹುಣ್ಣು, ಸಡಿಲವಾದ ಹಲ್ಲು, ರಕ್ತ ಬೆರೆತ ಜೊಲ್ಲು ಇದ್ದರೆ ಕ್ಯಾನ್ಸರಿನ ಸಾಧ್ಯತೆಯನ್ನು ಮೊದಲೇ ಪರೀಕ್ಷಿಸಬೇಕು. ಬೆಕ್ಕಿನ ಬಾಯಲ್ಲಿ ಹೆಚ್ಚಾಗಿ ಬರುವುದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಮೊದಲಲ್ಲಿ ಅದು ಮಾಮೂಲಿ ಹುಣ್ಣಿನಂತೆಯೇ ಕಾಣುತ್ತದೆ, ಕಣ್ಣಳತೆಯಿಂದ ಯಾರೂ ಬೇರ್ಪಡಿಸಲಾರರು. ಸ್ಟೆರಾಯ್ಡ್ ಶುರು ಮಾಡುವ ಮೊದಲೇ ತುಂಡು ತೆಗೆದು ಬಯಾಪ್ಸಿಗೆ ಕಳಿಸುವುದು ಒಳ್ಳೆಯದು, ಔಷಧ ಹೋದ ಮೇಲೆ ಅಂಗಾಂಶದ ಚಿತ್ರ ಮಸುಕಾಗುತ್ತದೆ.

ಯಾವಾಗ ಹೊರಡಬೇಕು

ಈ ಕ್ಷಣವೇ: ಉಸಿರಿನ ಕಷ್ಟ, ಬಿಳಿಚಿದ ಅಥವಾ ನೀಲಿ ಇಲ್ಲವೇ ಕಂದು ವಸಡು, ಕುಸಿತ, ಊತದ ಜೊತೆಗೆ ವಾಂತಿ, ನಾಲಿಗೆ ಅಥವಾ ಗಂಟಲ ಕಡೆಗೆ ಏರುತ್ತಿರುವ ಊತ, ಹಾವು, ಕರೆಂಟು, ಮನುಷ್ಯರ ಮಾತ್ರೆ. ಅದೇ ದಿನ: ಜ್ವರ, ಕೀವು, ತೀರಾ ನೋವು, ಬಾಯಲ್ಲಿ ಸಿಕ್ಕಿದ ವಸ್ತು, ಮೂರು ತಿಂಗಳೊಳಗಿನ ಮರಿ, ಅಥವಾ 24 ಗಂಟೆ ಏನೂ ತಿನ್ನದ ಬೆಕ್ಕು. ಊಟ ಬಿಡುವುದನ್ನು ಹಗುರವಾಗಿ ಕಾಣಬೇಡಿ. ಕೆಲವು ದಿನದ ಉಪವಾಸದಿಂದಲೇ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಒಂದು ರೋಗವಾಗುತ್ತದೆ. ಉಳಿದವು ಎರಡು ದಿನ ಕಾಯಬಹುದು. ಎರಡು ದಿನದಲ್ಲಿ ಇಳಿಯದ ಊತ, ಇಳಿದು ಮರಳಿದ ಊತ ತೋರಿಸಲೇಬೇಕು.

ಹೊರಡುವಾಗ ಬೆಕ್ಕನ್ನು ತೋಳಲ್ಲಿ ಹಿಡಿದು ಸ್ಕೂಟರ್ ಹತ್ತಬೇಡಿ. ಕ್ಯಾರಿಯರ್ ಇಲ್ಲದಿದ್ದರೆ ಮುಚ್ಚಳವಿರುವ ಗಟ್ಟಿ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಅಡಿಗೆ ಟವೆಲ್ ಹಾಸಿ. ಉಸಿರಿನ ತೊಂದರೆ ಇದ್ದರೆ ಬಟ್ಟೆ ಸುತ್ತಬೇಡಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಹಗಲಲ್ಲೇ ವಿಚಾರಿಸಿ ಇಟ್ಟುಕೊಂಡಿರಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಚಿಕಿತ್ಸಾಲಯಗಳಿವೆ. ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ದನಗಳ ಕೆಲಸವೇ ಹೆಚ್ಚಾದರೂ ಅಡ್ರಿನಲಿನ್, ಸಲೈನ್ ಕೊಟ್ಟು ಜೀವ ಉಳಿಸಲು ಅದು ಸಾಕಾಗಬಹುದು. ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: ಎಷ್ಟು ಹೊತ್ತಿಗೆ ಶುರುವಾಯಿತು, ಉಸಿರಿನ ಎಣಿಕೆ, ಬೆಕ್ಕಿನ ತೂಕ, ಕೊನೆಯ ಊಟ ಯಾವಾಗ, ಯಾವ ಔಷಧ ಹೋಗಿದೆ. ಕೊನೆಯ ಊಟದ ಹೊತ್ತು ಕೇಳುವುದು ಅರಿವಳಿಕೆಗಾಗಿ. ನೋವಿರುವ ಬೆಕ್ಕಿನ ಬಾಯಿಯ ಒಳಭಾಗವನ್ನು ಮಂಪರು ಕೊಡದೆ ಪೂರ್ತಿ ನೋಡಲು ಆಗುವುದೇ ಇಲ್ಲ.

ಈ ಗಲಾಟೆಯಲ್ಲಿ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ನಿಮ್ಮ ವೈದ್ಯರನ್ನು ಕಾಣಿ. ಜೊಲ್ಲು ಸುರಿಸುವ, ದವಡೆ ಜೋತ, ನಡತೆ ಬದಲಾದ ಬೆಕ್ಕಿನಲ್ಲಿ ರೇಬೀಸ್ ಸಾಧ್ಯತೆ ಇದ್ದೇ ಇರುತ್ತದೆ, ಲಸಿಕೆ ಹಾಕಿಸದ ಬೀದಿಬೆಕ್ಕಾಗಿದ್ದರೆ ಇನ್ನೂ ಹೆಚ್ಚು. ಅಂಥದ್ದರ ಬಾಯಿಗೆ ಬರಿಗೈ ಹಾಕಬೇಡಿ.

ತೀವ್ರ ಅಲರ್ಜಿಗೆ ಚಿಕಿತ್ಸೆ ಪಡೆದು ಸುಧಾರಿಸಿದ ಬೆಕ್ಕಿನಲ್ಲಿ ಕೆಲವು ಗಂಟೆಗಳ ನಂತರ ಲಕ್ಷಣಗಳು ಎರಡನೇ ಬಾರಿ ಏಳುವುದುಂಟು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಳ್ಳುತ್ತೇವೆ ಎಂದರೆ ಅದಕ್ಕಾಗಿಯೇ. ಮನೆಗೆ ಕಳಿಸಿದರೆ ಬೆಕ್ಕು ಒಬ್ಬರ ಕಣ್ಣಳತೆಯಲ್ಲೇ ಮಲಗಲಿ, ಎರಡು ಗಂಟೆಗೊಮ್ಮೆ ಉಸಿರು ಎಣಿಸಿ ಬರೆದಿಡಿ. ನಿದ್ದೆಯಲ್ಲಿನ ಎಣಿಕೆ 30 ದಾಟಿ ಏರುತ್ತ ಹೋದರೆ ಬೆಳಗಾಗಲಿ ಎಂದು ಕಾಯದೆ ಮತ್ತೆ ಕರೆದೊಯ್ಯಿರಿ.